ಎಡಹಲಗೆಯ ಐದನೆಯ ಹೆಸರು

ಒರೊಂಡದಿಂದ ರೊಟ್ಟಿ ಬಂದಿರಲಿಲ್ಲ. ಉಪವಾಸದ ಐದನೆಯ ವಾರದ ಶನಿವಾರ ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತು ಸೊಸಾಂದ್ರ ನಾಲ್ಕನೆಯ ಸಲ ಪಶ್ಚಿಮದ ದಾರಿಯನ್ನು ನೋಡಿದ. ನೋಡುತ್ತಿಲ್ಲವೆಂಬಂತೆ ನೋಡಿದ. ಕೆಳಗೆ ಅಂಗಳದಲ್ಲಿ ಬೇಳೆ ಆರಿಸುತ್ತಿದ್ದ ಅಮ್ಮಿಯಾ ತಲೆಯೆತ್ತಿ ಕೇಳಿದರೆ, ಹಿಮ ಕರಗಿ ಮಾಳಿಗೆ ಎಲ್ಲಿ ಸೋರುತ್ತಿದೆ ಎಂದು ಪರೀಕ್ಷಿಸುತ್ತಿದ್ದೇನೆ ಎನ್ನಲು ಒಂದು ಕೋಲನ್ನೂ ಹಿಡಿದುಕೊಂಡಿದ್ದ. ತಾರ್ಮಸದ ಬಿಷಪ್ ಆಗಿ ಇಪ್ಪತ್ತೆರಡು ವರ್ಷ, ವಯಸ್ಸು ಅರವತ್ತೇಳು. ಅಡುಗೆಮನೆಯ ಮುದುಕಿಯೊಬ್ಬಳಿಗೆ ಹೆದರಿ ಕೈಯಲ್ಲಿ ಕೋಲು ಹಿಡಿದು ನಿಂತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆದರೂ ಕೋಲನ್ನು ಕೆಳಗಿಡಲಿಲ್ಲ.

ಹಾಗೆ ನೋಡಿದರೆ ಅದೊಂದು ರೊಟ್ಟಿ, ಅಷ್ಟೆ. ಅಂಗೈಯಗಲದ ಗೋಧಿ ರೊಟ್ಟಿ, ಮೇಲೆ ಶಿಲುಬೆಯ ಅಚ್ಚು. ಪ್ರತಿ ವರ್ಷ ಯೇಸು ಸಾವಿನಿಂದ ಎದ್ದ ಪಾಸ್ಕ ಹಬ್ಬಕ್ಕೆ ಮುಂಚೆ, ಉಪವಾಸದ ಮೂರನೆಯ ವಾರ ಕಳೆಯುವುದರೊಳಗೆ, ಒರೊಂಡದ ಬಿಷಪ್ ಬಿಯಾನೋರ ಅದನ್ನು ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದ. ಅವನ ಪೀಠ ಹಿರಿದು, ಆದ್ದರಿಂದ ಮೊದಲು ಅಲ್ಲಿಂದ ಬರಬೇಕು, ಆಮೇಲೆ ಇಲ್ಲಿಂದ ಹೋಗಬೇಕು. ರೊಟ್ಟಿ ಓಡಾಡುತ್ತಿರುವಷ್ಟು ದಿನ ಎರಡೂ ಊರಿನ ನಂಬಿಕೆ ಒಂದೇ, ಬಲಿಪೀಠ ಒಂದೇ. ಅದು ನಿಂತುಹೋದರೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಬಿಯಾನೋರನ ಮರದ ಅಚ್ಚು ಎಂದೋ ಬಿರುಕುಬಿಟ್ಟು ಅವನ ಶಿಲುಬೆಯ ಬಲಗೈ ಯಾವಾಗಲೂ ಮುರಿದೇ ಮೂಡುತ್ತಿತ್ತು. ಬೇರೆ ಅಚ್ಚು ಮಾಡಿಸಬಾರದೇ ಎಂದು ಸೊಸಾಂದ್ರ ಒಮ್ಮೆ ಕೇಳಿದ್ದ. "ಮುರಿದ ಕೈಯೇ ನನ್ನ ಗುರುತು, ಇರ್ಲಿ ಬಿಡೋ" ಎಂದು ಬಿಯಾನೋರ ನಕ್ಕಿದ್ದ. ಬಲಗೈ. ಸಹಿ ಹಾಕುವ ಕೈ. ಆ ನಗುವನ್ನು ಸೊಸಾಂದ್ರ ಎಷ್ಟು ವರ್ಷ ಮಗುಚಿ ಮಗುಚಿ ನೋಡಿದ್ದಾನೋ ಲೆಕ್ಕವಿಲ್ಲ. ಒಂದೊಂದು ಸಲ ಅದು ಬರೀ ನಗುವಾಗಿ ಕಾಣುತ್ತಿತ್ತು. ಹೆಚ್ಚಿನ ಸಲ ಹಾಗೆ ಕಾಣುತ್ತಿರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಕಡಲ ದಂಡೆಯ ಆ ಊರಿನಲ್ಲಿ ಬಿಷಪ್ಪರನ್ನೆಲ್ಲ ಮೂವತ್ತೊಂಬತ್ತು ದಿನ ಒಂದು ಉಗ್ರಾಣದಲ್ಲಿ ಕೂಡಿಹಾಕಿದ್ದರು. ಮಗನಾದ ಕ್ರಿಸ್ತನು ತಂದೆಯಾದ ದೇವರಿಗೆ ಸಮನಲ್ಲ, ತಂದೆಯಂಥವನು ಮಾತ್ರ ಎಂದು ಬರೆದ ಹಾಳೆ, ಅದರ ಪಕ್ಕದಲ್ಲಿ ಶಾಯಿ, ಬಾಗಿಲಲ್ಲಿ ಚಕ್ರವರ್ತಿಯ ಸೈನಿಕರು. ಮೀನಿನ ವಾಸನೆ, ಒದ್ದೆ ಉಣ್ಣೆಯ ವಾಸನೆ, ಮುದುಕರ ಕೆಮ್ಮು. ಸೊಸಾಂದ್ರನಿಗೆ ಭೇದಿ ಹತ್ತಿತ್ತು. ಮರೆಯಿಲ್ಲದ ಜಾಗದಲ್ಲಿ, ಒಬ್ಬ ಹುಡುಗು ಸೈನಿಕ ನೋಡುತ್ತಿರುವಾಗ ಕುಕ್ಕರುಗಾಲಲ್ಲಿ ಕೂತು ಕೂತು, ಮೂವತ್ತೊಂಬತ್ತನೆಯ ದಿನ ಎದ್ದು ಬಂದು ಸಹಿ ಹಾಕಿದ. ನಂಬಿಕೆ ಬದಲಾಗಿರಲಿಲ್ಲ, ಹೊಟ್ಟೆ ಕೆಟ್ಟಿತ್ತು. ಇದನ್ನು ಯಾರಿಗೆ ಹೇಳುವುದು? ಅವನ ಹಿಂದೆಯೇ ನಿಂತಿದ್ದ ಬಿಯಾನೋರ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, "ನಂಗೆ ಕಣ್ಣು ಮಂಜಪ್ಪಾ, ಓದಕ್ಕಾಗದೇ ಇರೋದಕ್ಕೆ ಹೆಂಗೆ ಸಹಿ ಹಾಕ್ಲಿ" ಎಂದ. ಓದಿ ಹೇಳಿದರು. "ಕಿವೀನೂ ಸ್ವಲ್ಪ ಮಂದ" ಎಂದ. ಮೂರು ವರ್ಷ ಅವನನ್ನು ಉಪ್ಪಿನ ಗುಡ್ಡಗಳಿಗೆ ಗಡೀಪಾರು ಮಾಡಿದರು. ಆ ಮೂರು ವರ್ಷ ತಾರ್ಮಸದಲ್ಲಿ ಸೈನಿಕರ ಠಾಣೆಯಿತ್ತು. ಭಾನುವಾರ ಬಲಿಪೀಠದ ಮುಂದೆ ಓದುವ ಪಟ್ಟಿಯಲ್ಲಿ ಗಡೀಪಾರಾದವನ ಹೆಸರಿದ್ದರೆ ಏನಾದೀತೋ ಎಂದು ಸೊಸಾಂದ್ರ ಅದನ್ನು ತೆಗೆಸಿದ್ದ. ಬಿಯಾನೋರ ಬಿಡುಗಡೆಯಾಗಿ ಬಂದ ವಾರ ಸದ್ದಿಲ್ಲದೆ ಮತ್ತೆ ಸೇರಿಸಿದ್ದ. ಬಿಯಾನೋರ ತನ್ನೂರಿಗೂ ಹೋಗದೆ ಮೊದಲು ಇಲ್ಲಿಗೇ ಬಂದು, ಇದೇ ಅಂಗಳದಲ್ಲಿ ಹಲ್ಲಿಲ್ಲದ ಬಾಯಲ್ಲಿ ಬೇಳೆಯ ಗಂಜಿ ಕುಡಿದು, "ಉಪ್ಪು ಜಾಸ್ತಿ ಹಾಕಿದ್ದೀರಿ, ಉಪ್ಪು ಸಾಕಪ್ಪ ನಂಗೆ" ಎಂದು ತಮಾಷೆ ಮಾಡಿದ. ಸಹಿಯ ಮಾತೆತ್ತಲಿಲ್ಲ, ಹೆಸರಿನ ಮಾತೆತ್ತಲಿಲ್ಲ. ಅಂದು ಎತ್ತಿದ್ದರೆ ಮುಗಿದುಹೋಗುತ್ತಿತ್ತು. ಅವನಿಗೆ ಗೊತ್ತೇ, ಗೊತ್ತಿಲ್ಲವೇ, ಗೊತ್ತಿದ್ದೂ ಇಟ್ಟುಕೊಂಡಿದ್ದಾನೆಯೇ ಎಂದು ಹದಿನಾರು ವರ್ಷದಿಂದ ಸೊಸಾಂದ್ರ ಆ ಮುಖವನ್ನು ಓದುತ್ತಲೇ ಇದ್ದಾನೆ.

ಈಗ ಚಕ್ರವರ್ತಿ ಬದಲಾಗಿದ್ದಾನೆ, ಗಾಳಿ ತಿರುಗಿದೆ. ಅಂದು ಸಹಿ ಹಾಕಿದವರು ಯಾರು ಯಾರು ಎಂದು ದೊಡ್ಡೂರಿನಲ್ಲಿ ಕೇಳುತ್ತಿದ್ದಾರಂತೆ. ಎರಡು ದಿನದ ಹಿಂದೆ ಹೇಸರಗತ್ತೆಯವನೊಬ್ಬ ಉಣ್ಣೆ ಇಳಿಸಿ ಹೋಗುವಾಗ, ಸೊಸಾಂದ್ರ ಹವಾಮಾನ ವಿಚಾರಿಸುವವನಂತೆ ಒರೊಂಡದ ಸಮಾಚಾರ ಕೇಳಿದ್ದ. "ಬಿಷಪ್ಪರ ಮನೆ ಬಾಗಿಲು ಹಾಕಿತ್ತು ಸ್ವಾಮಿ" ಎಂದ ಅವನು. "ಒಳಗೆ ದೊಡ್ಡೂರಿನೋರು ಇದ್ರು, ಪೆಟ್ಟಿಗೆ ಗಿಟ್ಟಿಗೆ ತಂದಿದ್ರು. ಊರೋರನ್ನ ಒಬ್ಬರನ್ನೂ ಒಳಕ್ಕೆ ಬಿಡ್ತಿರಲಿಲ್ಲ. ಏನು ಅಂತ ಕೇಳಿದ್ರೆ, ಏನಿಲ್ಲ ಹೋಗು ಅಂದ್ರು." ಬಾಗಿಲು ಮುಚ್ಚಿದೆ, ದೊಡ್ಡೂರಿನವರು, ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಏನಿರುತ್ತದೆ, ಕಾಗದ ಪತ್ರವೇ ತಾನೆ. ಬಿಯಾನೋರ ದಿಂಬಿಗೆ ಒರಗಿ ಕೂತು, ನಿಧಾನವಾಗಿ, ನಗುನಗುತ್ತ, ಒಂದೊಂದೇ ಹೆಸರು ಬರೆಸುತ್ತಿರುವುದು ಸೊಸಾಂದ್ರನ ಕಣ್ಣಿಗೆ ಕಟ್ಟಿತು. ತಪ್ಪು ಮಾಡಿದವನು ತಾನೇ. ಆದರೂ ಆ ಎರಡು ದಿನ ಅವನಿಗೆ ತಪ್ಪಿತಸ್ಥ ಬಿಯಾನೋರನೇ ಅನ್ನಿಸಿತು. ಹಾಗೆ ಅನ್ನಿಸಿದಾಗ ಸ್ವಲ್ಪ ಹಾಯಾಗಿಯೂ ಇತ್ತು.

ಮಾಳಿಗೆಯಿಂದ ಇಳಿದು ಬಂದವನೇ ಡೀಕನ್ ಎಲ್ಪೀದಿಯನನ್ನು ಕರೆದ. ಚರ್ಚಿನ ಪಾತ್ರೆ, ಬಟ್ಟೆ, ಪಟ್ಟಿ ಎಲ್ಲವೂ ಎಲ್ಪೀದಿಯನ ವಶ. ನಲವತ್ತು ದಾಟಿದ ಸಂಸಾರಸ್ಥ, ಹೇಳಿದ್ದನ್ನು ಮಾಡುವವನು. ಹೆಸರುಗಳ ಜೋಡಿಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಮೇಣ ಬಳಿದ ಎರಡು ಹಲಗೆ, ನಡುವೆ ಕೀಲು. ಎಡಹಲಗೆಯಲ್ಲಿ ಬದುಕಿರುವವರು, ಬಲಹಲಗೆಯಲ್ಲಿ ಸತ್ತವರು. ಪ್ರತಿ ಭಾನುವಾರ ಅವನು ಎರಡನ್ನೂ ಗಟ್ಟಿಯಾಗಿ ಓದಬೇಕು.

"ಎಡಹಲಗೇಲಿ ಐದನೇದು ತೆಗೆದುಬಿಡು" ಎಂದ ಸೊಸಾಂದ್ರ.

ಎಲ್ಪೀದಿಯ ಹಲಗೆ ಬಿಚ್ಚಿ ಎಣಿಸಿದ. ಮತ್ತೊಮ್ಮೆ ಎಣಿಸಿದ. "ಐದನೇದು ಒರೊಂಡದೋರು ಅಲ್ವಾ ಅಪ್ಪನೋರೆ?"

"ಎಣಿಸಕ್ಕೆ ಬರುತ್ತಲ್ಲ ನಿಂಗೆ."

"ಬರುತ್ತೆ." ಐದನೆಯ ಸಾಲಿನ ಮೇಲೆ ಬೆರಳಿಟ್ಟ. "ಯಾಕೆ ಅಂತ ಜನ ಕೇಳಿದ್ರೆ?"

"ಕೇಳಲ್ಲ."

"ಅಮ್ಮಿಯಾ ಕೇಳ್ತಾಳೆ."

ಒರೊಂಡದವರು ತನ್ನನ್ನು ಬಿಡುವ ಮೊದಲು ತಾನೇ ಅವರನ್ನು ಬಿಟ್ಟಿದ್ದರೆ ನಾಳೆ ದೊಡ್ಡೂರಿನ ಮುಂದೆ ಮಾತಾಡಲು ಒಂದು ನೆಲೆ ಇರುತ್ತದೆ ಎಂಬ ಲೆಕ್ಕಾಚಾರವನ್ನು ಈ ಡೀಕನ್ನಿಗೆ ಬಿಡಿಸಿ ಹೇಳುವುದಾದರೂ ಹೇಗೆ? ಎಲ್ಪೀದಿಯ ಒಲೆಯ ಹತ್ತಿರ ಹೋಗಿ ಕುಕ್ಕರಿಸಿ, ಹಲಗೆಯನ್ನು ಬಿಸಿಗೆ ಹಿಡಿದು, ಕಡ್ಡಿಯ ಚಪ್ಪಟೆ ತುದಿಯಿಂದ ಉಜ್ಜಿದ. ಉಜ್ಜುವ ಸದ್ದು ಇಷ್ಟೇ ಇಷ್ಟು. ಅಷ್ಟು ವರ್ಷದ ಸ್ನೇಹ ಅಷ್ಟೇ ಸದ್ದಿನಲ್ಲಿ ಹೋಯಿತು. ಸೊಸಾಂದ್ರ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದ.

ಭಾನುವಾರ ಎಲ್ಪೀದಿಯ ನಾಲ್ಕನೆಯ ಹೆಸರು ಓದಿದ. ಹದಿನಾರು ವರ್ಷದ ಅಭ್ಯಾಸ, ನಾಲಗೆ ತಾನಾಗಿಯೇ ಐದನೆಯ ಹೆಸರಿಗೆ ಹೊರಟಿತ್ತು. ಅದನ್ನು ಹಿಡಿದು ನಿಲ್ಲಿಸಿ ಆರನೆಯದನ್ನು ಓದಿದ. ಪಟ್ಟಿಯನ್ನು ಜೊತೆಗೇ ಬಾಯಲ್ಲಿ ಗುಣುಗುತ್ತಿದ್ದ ಜನರ ತುಟಿಗಳೂ ನಿಂತವು. ಬಲಿಪೀಠದ ಮುಂದಿದ್ದ ಸೊಸಾಂದ್ರನಿಗೆ ಬೆನ್ನಿನ ಮೇಲೆ ಇನ್ನೂರು ಜನರ ಕಣ್ಣು. ಮುಗಿದ ಮೇಲೆ ಉಣ್ಣೆ ವ್ಯಾಪಾರಿ ತ್ರೋಫಿಮ ಹತ್ತಿರ ಬಂದು ದನಿ ತಗ್ಗಿಸಿ, "ನಂಗೆ ಮುಂಚೆಯಿಂದ್ಲೂ ಅನುಮಾನ ಇತ್ತು ಸ್ವಾಮಿ, ಆ ಮನುಷ್ಯನ ಬೋಧನೆ ಸರಿಯಿಲ್ಲ" ಎಂದ. ಬಿಯಾನೋರನ ಬೋಧನೆ ಏನೆಂದು ತ್ರೋಫಿಮನಿಗೆ ಏನು ಗೊತ್ತು? ಕುರಿಯ ತುಪ್ಪಟ ಬಿಟ್ಟರೆ ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಆದರೂ ಸೊಸಾಂದ್ರ ತಲೆದೂಗಿದ. ತಲೆದೂಗಿದ ತನ್ನ ಕುತ್ತಿಗೆಯನ್ನೇ ಹಿಡಿದು ಹಿಸುಕಬೇಕು ಎನ್ನುವಷ್ಟು ಅಸಹ್ಯವಾಯಿತು.

ಮನೆಯಲ್ಲಿ ಅಮ್ಮಿಯಾ ನೆನೆಸಿದ ಕಡಲೆಯ ಬಟ್ಟಲನ್ನು ಕುಕ್ಕಿದಳು. ಅವಳು ಚರ್ಚಿನ ವಿಧವೆಯರ ಪಟ್ಟಿಗೆ ಸೇರಿ ಮೂವತ್ತು ವರ್ಷವಾಗಿತ್ತು, ಇವನಿಗಿಂತ ಎಂಟು ವರ್ಷ ದೊಡ್ಡವಳು.

"ಬಿಯಾನೋರಪ್ಪನೋರ ಹೆಸರು ಓದ್ಲಿಲ್ಲ."

"ಇಲ್ಲ."

"ಮರೆತನೋ, ಮರೆಸಿದ್ರೋ?"

"ಅಮ್ಮಿಯಾ, ನಿನ್ನ ಕೆಲಸ ನೋಡ್ಕೊ."

"ನೋಡ್ಕೊಂತಾನೇ ಇದೀನಿ" ಎಂದಳು ಅವಳು. "ಮೂವತ್ತು ವರ್ಷದಿಂದ ಎಲ್ಲಾ ನೋಡ್ಕೊಂತಾನೇ ಇದೀನಿ." ಆ ಮಾತಿನಲ್ಲಿ ಏನಿತ್ತು ಎಂದು ಸೊಸಾಂದ್ರ ಸೋಮವಾರವಿಡೀ ಯೋಚಿಸಿದ. ಅವಳ ತಮ್ಮನ ಮಗಳನ್ನು ಒರೊಂಡಕ್ಕೆ ಕೊಟ್ಟಿದೆಯಲ್ಲವೇ? ಇವಳೇ ಸುದ್ದಿ ಮುಟ್ಟಿಸುತ್ತಿದ್ದಾಳೆಯೇ? ಎಲ್ಪೀದಿಯ ಬೆಳಿಗ್ಗೆ ಬಂದವನು ಯಾಕೆ ಕಣ್ಣಲ್ಲಿ ಕಣ್ಣಿಡಲಿಲ್ಲ? ಕೀರ್ತನೆ ಓದುತ್ತ ಕೂತರೆ ಪ್ರತಿ ಸಾಲಿನಲ್ಲೂ ಶತ್ರುಗಳು, ಬಲೆ ಒಡ್ಡುವವರು, ಗುಂಡಿ ತೋಡುವವರು. ಚಿಕ್ಕಂದಿನಿಂದ ಆ ಸಾಲುಗಳನ್ನು ಅವನು ಬಲೆಗೆ ಬಿದ್ದವನ ಕಡೆಯಿಂದಲೇ ಓದಿಕೊಂಡು ಬಂದಿದ್ದ. ಗುಂಡಿ ತೋಡುವವನೂ ಅದೇ ಕೀರ್ತನೆಯನ್ನು ಓದುತ್ತಿರಬಹುದೆಂದು ಸೋಮವಾರ ಮಧ್ಯಾಹ್ನ ಮೊದಲ ಸಲ ಹೊಳೆಯಿತು. ಪುಸ್ತಕ ಮುಚ್ಚಿದ.

ಮಂಗಳವಾರ ನಡುಹಗಲಿಗೆ ಜೋತಿಕ ಬಂದ. ಒರೊಂಡದ ಚರ್ಚಿನಲ್ಲಿ ಗ್ರಂಥ ಓದುವವನು, ಪ್ರತಿ ವರ್ಷ ರೊಟ್ಟಿ ತರುತ್ತಿದ್ದವನು ಅವನೇ. ಮೊಣಕಾಲವರೆಗೆ ಕೆಸರು. ಚೌಕದ ಬಾವಿಯ ಹತ್ತಿರವೇ ಯಾರೋ ಅವನನ್ನು ನಿಲ್ಲಿಸಿ ಮಾತಾಡಿಸಿದ್ದರು. ಅವನ ಹಿಂದೆ ಆಗಲೇ ಇಪ್ಪತ್ತು ಮೂವತ್ತು ಜನ ಸೇರಿದ್ದರು, ಮುಂದುಗಡೆ ತ್ರೋಫಿಮ. ಸೊಸಾಂದ್ರ ಬಾಗಿಲಿಗೆ ಬಂದಾಗ ಇಗೋ, ತನ್ನನ್ನು ದೂರುವ ಪತ್ರ ಬಂತು, ಜನರ ಮುಂದೆಯೇ ಓದುತ್ತಾರೆ ಎಂದುಕೊಂಡ. ಜೋತಿಕ ಅವನ ಕಾಲ ಮೇಲೆ ಬಿದ್ದು ಪಾದ ಹಿಡಿದುಕೊಂಡ.

"ನಿಮಗೆ ಮೊದಲೇ ಗೊತ್ತಾಗಿತ್ತಂತೆ ಅಪ್ಪನೋರೆ!"

"ಏನು ಗೊತ್ತಾಗಿತ್ತು?"

"ನಮ್ಮ ಬಿಯಾನೋರಪ್ಪನೋರು ಹೋಗಿಬಿಟ್ರು. ಶನಿವಾರ ದೀಪ ಹಚ್ಚೋ ಹೊತ್ತಿಗೆ. ಭಾನುವಾರ ಮಣ್ಣು ಮಾಡಿ ಅಲ್ಲಿಂದ ನೇರ ಇಲ್ಲಿಗೇ ಹೊರಟೆ, ದಾರೀಲಿ ಒಂದು ಪಿಳ್ಳೆಗೂ ಹೇಳಿಲ್ಲ. ನೋಡಿದ್ರೆ ಭಾನುವಾರ ಬೆಳಿಗ್ಗೇನೇ ನೀವು ಬದುಕಿರೋರ ಪಟ್ಟಿಯಿಂದ ಅವರ ಹೆಸರು ತೆಗೆಸಿದ್ರಂತೆ!"

ಸೊಸಾಂದ್ರನಿಗೆ ಮೊದಲು ಕಂಡದ್ದು ಜೋತಿಕನ ನೆತ್ತಿ. ಅಲ್ಲಿ ಕೂದಲು ತೆಳುವಾಗಿತ್ತು. ಹೋದ ವರ್ಷ ಇಷ್ಟು ತೆಳುವಾಗಿರಲಿಲ್ಲ. ಅದನ್ನೇ ನೋಡುತ್ತ ನಿಂತ. ಆಮೇಲೆ, ಬಿಯಾನೋರ ಸತ್ತ, ಎಂಬುದು ಮನಸ್ಸಿಗೆ ಇಳಿಯಿತು. ಅದರ ಬೆನ್ನಿಗೇ, ಇನ್ನು ಅವನು ಯಾರ ಹೆಸರನ್ನೂ ಹೇಳಲಾರ ಎಂಬ ಸಮಾಧಾನ ಮೆಲ್ಲಗೆ ಕಾಲಿಟ್ಟಿತು. ಅದು ಬಂದದ್ದನ್ನು ಅವನು ಸ್ಪಷ್ಟವಾಗಿ ನೋಡಿದ. ಅಳು ಬರಲಿಲ್ಲ.

ಜೋತಿಕ ಬಿಕ್ಕುತ್ತ ಹೇಳುತ್ತಿದ್ದ. ಉಪವಾಸ ಶುರುವಾದ ವಾರವೇ ಹಾಸಿಗೆ ಹಿಡಿದಿದ್ದರು. ಬಿಷಪ್ ಮಲಗಿದ್ದಾರೆಂದು ಗೊತ್ತಾದರೆ ಪೀಠಕ್ಕೆ ಆಸೆಪಟ್ಟವರು ಬದುಕಿರುವಾಗಲೇ ಕಿತ್ತಾಡುತ್ತಾರೆ, ಆದ್ದರಿಂದ ಬಾಗಿಲು ಹಾಕಿ ಗುಟ್ಟಾಗಿ ಇಟ್ಟೆವು. ದೊಡ್ಡೂರಿನಿಂದ ವೈದ್ಯರನ್ನು ಕರೆಸಿದೆವು, ಔಷಧಿಯ ಪೆಟ್ಟಿಗೆ ಸಮೇತ ಬಂದು ಎಂಟು ದಿನ ಇದ್ದರು. ತಾರ್ಮಸದ ರೊಟ್ಟಿ ಮಾತ್ರ ನಾನೇ ಒತ್ತಬೇಕು, ನೀವು ಮುಟ್ಟಬೇಡಿ ಎಂದು ಹಟ ಹಿಡಿದರು. ಕೈಯಲ್ಲಿ ತ್ರಾಣವಿಲ್ಲ. ಇವತ್ತು ಏಳ್ತೀನಿ ನಾಳೆ ಏಳ್ತೀನಿ ಎಂದು ದಿನ ಹೋಯಿತು. ಕೊನೆಗೆ ಶುಕ್ರವಾರ ಇಬ್ಬರು ಹಿಡಿದು ಕೂರಿಸಿದೆವು, ಒತ್ತಿದರು.

"ಶನಿವಾರ ಮಧ್ಯಾಹ್ನ ಏನಂದ್ರು ಗೊತ್ತಾ ಅಪ್ಪನೋರೆ? ನಾಳೆ ತಾರ್ಮಸದಲ್ಲಿ ನನ್ನ ಹೆಸರು ಓದ್ತಾರೆ ಕಣೋ, ಅಂದ್ರು. ಉಪ್ಪಿನ ಗುಡ್ಡದಲ್ಲಿದ್ದಾಗ ಪ್ರತಿ ಭಾನುವಾರ ಅದೊಂದನ್ನೇ ನೆನೆಸ್ಕೊಂತಿದ್ದೆ, ಈ ಹೊತ್ತಿಗೆ ಸೊಸಾಂದ್ರ ಓದಿಸ್ತಿರ್ತಾನೆ ಅಂತ. ಸೈನಿಕರಿದ್ರೂ ಬಿಟ್ಟಿರಲ್ಲ ಅವನು, ಪುಕ್ಕಲ, ಆದ್ರೆ ನನ್ನ ವಿಷಯದಲ್ಲಿ ಬಿಡಲ್ಲ. ಅದರಿಂದ್ಲೇ ಬದುಕಿದೆ ಅಂದ್ರು."

ಬಟ್ಟೆಯ ಗಂಟು ಸೊಸಾಂದ್ರನ ಕೈಗೆ ಬಂತು. ಬಿಚ್ಚಿದ. ಅಚ್ಚು ಆಳವಾಗಿ ಕೂತಿರಲಿಲ್ಲ, ಶಿಲುಬೆ ಅರ್ಧಂಬರ್ಧ ಮೂಡಿತ್ತು. ಬಲಗೈ ಇದ್ದ ಜಾಗದಲ್ಲಿ ಮುರಿದ ಕೈಯೂ ಇರಲಿಲ್ಲ, ಬರಿಯ ಹಿಟ್ಟು. ಜನ ಒಬ್ಬೊಬ್ಬರೇ ಮಂಡಿಯೂರುತ್ತಿದ್ದರು. "ಪವಿತ್ರಾತ್ಮ ಬಂದು ಕಿವೀಲಿ ಹೇಳೈತೆ" ಎಂದು ತ್ರೋಫಿಮ ಹಿಂದಿನವರಿಗೆ ವಿವರಿಸುತ್ತಿದ್ದ. "ಭಾನುವಾರಾನೇ ನಂಗೆ ಅನ್ನಿಸಿತ್ತು, ಇದು ಸಾಮಾನ್ಯ ಅಲ್ಲ ಅಂತ." ಸೊಸಾಂದ್ರ ಬಾಯಿ ತೆರೆದ. ಅಲ್ಲ ಎಂದು ಹೇಳಲು ಒಂದು ಕ್ಷಣ ಇತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಕಾಯಿಲೆಯ ಕೂಸನ್ನು ತಂದು ಅವನ ಕೈಯ ಕೆಳಗೆ ಹಿಡಿದಳು. ಅವನು ಕೂಸಿನ ತಲೆ ಮುಟ್ಟಿದ. ಕ್ಷಣ ಕಳೆಯಿತು.

ಆ ವಾರ ಅವನು ರೊಟ್ಟಿಯನ್ನು ಮುಟ್ಟಲಿಲ್ಲ. ತಲೆದಿಂಬಿನ ಪಕ್ಕ ಗಂಟಾಗಿಯೇ ಇತ್ತು. ಒಬ್ಬನಾದರೂ ನಿಜ ಗೊತ್ತಿರುವವನು ಊರಲ್ಲಿದ್ದಾನೆ, ಎಲ್ಪೀದಿಯ, ಅವನ ಎದುರಿಗಾದರೂ ನಾಟಕವಿಲ್ಲದೆ ಕೂರಬಹುದು ಎಂದು ಗುರುವಾರ ಅವನನ್ನು ಕರೆಸಿದ. ಬಿಯಾನೋರನ ಹೆಸರನ್ನು ಬಲಹಲಗೆಗೆ ಬರೆಯಲು ಎಲ್ಪೀದಿಯ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಂದ. ಇಷ್ಟು ದಿನ ಕಂಕುಳಲ್ಲಿ ತರುತ್ತಿದ್ದ.

"ಎಲ್ಪೀದಿಯ, ಶನಿವಾರ ಬೆಳಿಗ್ಗೆ ನಾನೇ ಹೇಳಿ ಅಳಿಸಿದ್ದು. ಆಗಿನ್ನೂ ಅವನು ಬದುಕಿದ್ದ. ನಿಂಗೆ ಗೊತ್ತು."

"ಗೊತ್ತು ಅಪ್ಪನೋರೆ." ಎಲ್ಪೀದಿಯನ ಕಣ್ಣಲ್ಲಿ ನೀರಿತ್ತು. "ಆದ್ರೆ ಒಂದು ಮಾತು ಯಾರಿಗೂ ಹೇಳಿಲ್ಲ ನಾನು. ಹಲಗೆ ಬಿಸಿಗೆ ಹಿಡಿದ್ನಲ್ಲ, ಮೇಣ ಅದರಷ್ಟಕ್ಕೇ ಕರಗ್ತು. ಆ ಹೆಸರಿನ ಜಾಗದಲ್ಲಿ ಮಾತ್ರ. ನಾನು ಉಜ್ಜಲೇ ಇಲ್ಲ."

"ಉಜ್ಜಿದೆ. ನಂಗೆ ಸದ್ದು ಕೇಳಿಸ್ತು."

"ನೀವು ಗೋಡೆ ಕಡೆ ನೋಡ್ತಿದ್ರಿ ಅಪ್ಪನೋರೆ" ಎಂದ ಎಲ್ಪೀದಿಯ, ತುಂಬ ಮೃದುವಾಗಿ.

ಸೊಸಾಂದ್ರನಿಗೆ ಭಯವಾಯಿತು. ಇಷ್ಟು ವರ್ಷ ಊರೆಲ್ಲ ತನ್ನನ್ನು ಅನುಮಾನಿಸುತ್ತಿದೆಯೆಂದು ಮೈಯೆಲ್ಲ ಕಣ್ಣಾಗಿ ಬದುಕಿದ್ದ. ಈಗ ಅನುಮಾನಿಸುವವರು ಬೇಕಾದಾಗ ಒಬ್ಬರೂ ಸಿಗುತ್ತಿಲ್ಲ. ಹೇಳಿಬಿಡುತ್ತೇನೆ, ಭಾನುವಾರ ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದ. ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಹೋದ ಭಾನುವಾರದ್ದನ್ನು ಹೇಳುವುದು. ಗಡೀಪಾರಿನ ಆ ಮೂರು ವರ್ಷದ್ದು ಹಳೆಯ ಮಾತು, ಯಾರಿಗೂ ನೆನಪಿಲ್ಲ, ಅದನ್ನೆಲ್ಲ ಕೆದಕಿ ಜೋತಿಕನಂಥವರನ್ನು ನೋಯಿಸುವುದೇಕೆ? ಹೀಗೆ ಜೋಡಿಸಿಕೊಂಡ ಮೇಲೆ ಶನಿವಾರ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುತ್ತಲ ಹಳ್ಳಿಗಳಿಂದಲೂ ಬಂದಿದ್ದರು. ಎಲ್ಪೀದಿಯ ಬಲಹಲಗೆಯ ಕೊನೆಯಲ್ಲಿ ಬಿಯಾನೋರನ ಹೆಸರು ಓದಿದಾಗ ಎಷ್ಟೋ ಜನ ಗಟ್ಟಿಯಾಗಿ ಅತ್ತರು. ಸೊಸಾಂದ್ರ ಪೀಠದಿಂದ ಎದ್ದು ನಿಂತ. ಬಿಷಪ್ಪರು ಕೂತೇ ಬೋಧಿಸುವುದು, ನಿಂತದ್ದನ್ನು ನೋಡಿಯೇ ಜನ ಸ್ತಬ್ಧರಾದರು. "ನನಗೆ ಯಾವ ಆತ್ಮವೂ ಏನನ್ನೂ ಹೇಳಲಿಲ್ಲ" ಎಂದ. "ರೊಟ್ಟಿ ಬರಲಿಲ್ಲವೆಂದು ಅನುಮಾನಪಟ್ಟೆ. ನನ್ನ ಗೆಳೆಯ ನನ್ನನ್ನು ಬಿಟ್ಟನೆಂದು ತಿಳಿದು, ಅದಕ್ಕೆ ಮುಂಚೆ ನಾನೇ ಅವನನ್ನು ಬಿಟ್ಟೆ. ಅವನು ಬದುಕಿರುವಾಗಲೇ ಅವನ ಹೆಸರು ಅಳಿಸಿದೆ. ನಾನು ಮಾಡಿದ್ದು ಪಾಪ." ದನಿ ನಡುಗಲಿಲ್ಲ, ಸ್ಪಷ್ಟವಾಗಿ ಕೊನೆಯ ಸಾಲಿನವರೆಗೂ ಮುಟ್ಟಿತು. ಆಮೇಲೆ ಹೆಂಗಸರ ಕಡೆಯಿಂದ ಯಾರೋ ಬಿಕ್ಕಿದರು. "ಅಯ್ಯೋ, ಎಂಥಾ ದೀನ ಮನಸ್ಸು ನೋಡಿ" ಎಂದರು ಇನ್ನೊಬ್ಬರು. "ದೊಡ್ಡೋರು ಯಾವತ್ತೂ ಒಪ್ಪಿಕೊಳ್ಳಲ್ಲ, ಹೀಗೇ ಮುಚ್ಚಿಡ್ತಾರೆ" ಎಂದು ತ್ರೋಫಿಮ ಪಕ್ಕದವನಿಗೆ ಹೇಳಿದ್ದು ಬಲಿಪೀಠದವರೆಗೂ ಕೇಳಿಸಿತು. ಎಲ್ಪೀದಿಯ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ.

ಬಿಯಾನೋರನ ರೊಟ್ಟಿಯನ್ನು ಎಲ್ಲರಿಗೂ ಹಂಚಲು ಸೊಸಾಂದ್ರನೇ ಬುಟ್ಟಿಯಲ್ಲಿಟ್ಟು ಕೊಟ್ಟಿದ್ದ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಎಲ್ಪೀದಿಯ ಸುತ್ತಿಗೆಯಲ್ಲಿ ಕಾಳಿನಷ್ಟು ಚೂರುಗಳಾಗಿ ಒಡೆದ. ಜನ ಒಬ್ಬೊಬ್ಬರಾಗಿ ಬಂದು ಚೂರು ತೆಗೆದುಕೊಂಡು, ಬಿಷಪ್ಪನ ಕೈಗೆ ಮುತ್ತಿಟ್ಟು ಹೋದರು. ಕೆಲವರು ತಿನ್ನದೆ ಸೆರಗಿಗೆ ಕಟ್ಟಿಕೊಂಡರು. ಕೈ ಚಾಚಿ ನಿಂತೇ ಇದ್ದ ಸೊಸಾಂದ್ರನ ಕೈಯ ಹಿಂಬದಿ ಎಂಜಲಿನಿಂದ ತಣ್ಣಗಾಗಿತ್ತು. ನಾನು ಹೇಳಿದೆ, ಅವರು ನಂಬಲಿಲ್ಲ, ಇನ್ನು ನನ್ನ ಹೊಣೆಯಿಲ್ಲ ಎಂಬ ಮಾತು ಒಳಗೆ ಆಗಲೇ ಮೆತ್ತಗೆ ಹಾಸಿಗೆ ಹಾಸಿಕೊಳ್ಳುತ್ತಿತ್ತು. ಬುಟ್ಟಿ ಹಿಂದಿರುಗಿದಾಗ ನೋಡಿದ. ಬಟ್ಟೆ ಮಾತ್ರ ಇತ್ತು. ಅವನಿಗೆಂದು ಕಳಿಸಿದ ರೊಟ್ಟಿಯಲ್ಲಿ ಅವನಿಗೆ ಒಂದು ಚೂರೂ ಉಳಿದಿರಲಿಲ್ಲ.

ಕೊನೆಯವಳಾಗಿ ಅಮ್ಮಿಯಾ ಬಂದಳು. ಅವಳ ಅಂಗೈಯಲ್ಲಿ ಒಂದು ಚೂರು ಇತ್ತು. ಚಾಚಿದ ಕೈಯನ್ನು ಅವಳು ಮುಟ್ಟಲಿಲ್ಲ.

"ಈಗ ಹೇಳಿದ್ದು ನಿಜ ತಾನೆ ಅಪ್ಪನೋರೆ?"

"ನಿಜ, ಅಮ್ಮಿಯಾ." ಒಬ್ಬಳಾದರೂ ನಂಬಿದಳಲ್ಲ ಎಂದು ಅವನಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. "ನೀನಾದ್ರೂ ನಂಬು. ಅದೇ ನಿಜ."

"ನಂಬ್ದೆ." ಅವಳು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು. ಎಂದಿನ ಹಾಗೆ, ಬೇಳೆಗೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲೇ ಕೇಳಿದಳು. "ಹಂಗಾದ್ರೆ ಆ ಮೂರು ವರ್ಷ? ಅವರು ಉಪ್ಪಿನ ಗುಡ್ಡದಲ್ಲಿ ಬದುಕಿದ್ದಾಗ ಓದಿಸ್ಲಿಲ್ವಲ್ಲ, ಅದನ್ನ ಯಾವ ಭಾನುವಾರ ಹೇಳ್ತೀರಿ?"

ಚೂರನ್ನು ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ದವಡೆಯಲ್ಲಿ ನೆನೆಸುತ್ತ, ನಿಧಾನವಾಗಿ ಬಾಗಿಲ ಕಡೆ ನಡೆದಳು. ಸೊಸಾಂದ್ರನ ಕೈ ಇನ್ನೂ ಚಾಚಿಯೇ ಇತ್ತು.